ಹಗ್ಗ ಹಿಡಿದ ಕೈ, ಬ್ರೇಕು ಒತ್ತುವ ಕಾಲು

ನನ್ನ ಬಲಗಾಲಿಗೆ ಇತ್ತೀಚೆಗೆ ಒಂದು ಚಟ ಹತ್ತಿದೆ. ಕುಳಿತಲ್ಲೇ ಇದ್ದಕ್ಕಿದ್ದಂತೆ ಅದು ನೆಲವನ್ನು ಒತ್ತುತ್ತದೆ. ನಾನು ಒತ್ತು ಎಂದು ಹೇಳಿರುವುದಿಲ್ಲ. ಊಟಕ್ಕೆ ಕೂತಾಗ ಯಾರಾದರೂ ಪಾತ್ರೆ ಬೀಳಿಸಿದರೆ ಒತ್ತುತ್ತದೆ. ಬಸ್ಸಿಗೆ ಆಡು ಅಡ್ಡ ಬಂದರೆ ಡ್ರೈವರನಿಗಿಂತ ಮೊದಲು ಒತ್ತುತ್ತದೆ. ಕಳೆದ ವಾರ ನಮ್ಮ ಕಾಲೇಜಿನ ಮೀಟಿಂಗಿನಲ್ಲಿ ಗಾಳಿಗೆ ಬಾಗಿಲು ದಡಾರನೆ ಬಡಿಯಿತು. ಕಾಲು ಒತ್ತಿತು. ಅದರ ಕೆಳಗೆ ಆಗ ಇದ್ದದ್ದು ನೆಲವಲ್ಲ, ಪಕ್ಕದಲ್ಲಿ ಕೂತಿದ್ದ ಇತಿಹಾಸದ ಉಪನ್ಯಾಸಕರ ಪಾದ. ಅವರು ಪ್ರಿನ್ಸಿಪಾಲರಿಗೆ ಏನೋ ಖಾರವಾಗಿ ಹೇಳಲು ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಛಲೋ ಹೊತ್ತಿಗೆ ಕಾಲು ತುಳದ್ರಿ ಸರ್. ಇಲ್ಲಾಂದ್ರ ಇವತ್ತ ನನ್ನ ಕತಿ ಮುಗೀತಿತ್ತು" ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ಜಾಣ ಎಂಬ ಹೆಸರು ತಾನಾಗಿ ಬಂದರೆ ಬೇಡ ಅನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ.

ನಿಜ ಹೇಳಬೇಕೆಂದರೆ ಆ ಕಾಲು ಹುಡುಕುತ್ತಿರುವುದು ಒಂದು ಬ್ರೇಕನ್ನು. ಅದೂ ಎಂದೂ ಇಲ್ಲದ ಬ್ರೇಕನ್ನು. ಕಲ್ಲಪ್ಪ ಕಾಕಾನ ಬ್ಯಾಟರಿ ಸ್ಕೂಟರಿನಲ್ಲಿ ಹಿಂದಿನ ಸೀಟಿಗೆ ಬ್ರೇಕು ಎಲ್ಲಿಂದ ಬರಬೇಕು? ಆದರೆ ಎದುರಿಗೆ ಕಾಲುವೆಯ ನೀರು ಕಂಡಾಗ ಕಾಲು ಅದನ್ನೆಲ್ಲ ವಿಚಾರಿಸಲಿಲ್ಲ. ಒತ್ತಿತು. ಸ್ಕೂಟರು ನಿಂತಿತು. ನಿಂತದ್ದು ನನ್ನ ಕಾಲಿನಿಂದಲ್ಲ, ಮೆಣಸಿನಕಾಯಿಯಿಂದ. ಆದರೆ ಕಾಲಿಗೆ ಅದು ಗೊತ್ತಿಲ್ಲ. ತಾನು ಒತ್ತಿದ್ದಕ್ಕೇ ಜೀವ ಉಳಿಯಿತು ಎಂದು ಅದು ಇವತ್ತಿಗೂ ನಂಬಿಕೊಂಡಿದೆ.

ನಾನು ಅಣ್ಣಿಗೇರಿಯ ಒಂದು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಹೇಳುವವನು. ಪ್ರತಿ ವರ್ಷ ಬೋರ್ಡಿನ ಮೇಲೆ ಮಿದುಳಿನ ಚಿತ್ರ ಬರೆದು, "ಮನುಷ್ಯ ದೊಡ್ಡವನಾದ ಮೇಲೂ ಅವನ ಮಿದುಳು ಬದಲಾಗುತ್ತದೆ, ಹೊಸದನ್ನು ಕಲಿಯುತ್ತದೆ" ಎಂದು ಹೇಳುತ್ತೇನೆ. ಹೇಳುವಾಗ ಒಳಗೊಳಗೆ ನನಗೇ ನಂಬಿಕೆ ಇರುತ್ತಿರಲಿಲ್ಲ. ಯಾಕೆಂದರೆ ನಲವತ್ತು ದಾಟಿದ ಮೇಲೆ ನಾನು ಕಲಿಯಲು ಹೋದದ್ದೆಲ್ಲ ನೀರುಪಾಲಾಗಿದೆ. ಹಾರ್ಮೋನಿಯಂ ಎರಡು ತಿಂಗಳು ಕಲಿತೆ. ಬಾಜೂ ಮನೆಯ ಎಮ್ಮೆ ಹಾಲು ಕಡಿಮೆ ಮಾಡಿತು ಎಂಬ ದೂರು ಬಂತು. ಮರಾಠಿ ಕಲಿಯುತ್ತೇನೆ ಎಂದು ಹೊರಟವನಿಗೆ ಇವತ್ತೂ ಚಹಾ ಕೇಳುವುದು ಮಾತ್ರ ಬರುತ್ತದೆ. ಹೀಗಿರುವಾಗ ನನ್ನ ಕಾಲು, ಯಾವ ಗುರುವೂ ಇಲ್ಲದೆ, ಒಂದೇ ಪಾಠದಲ್ಲಿ ಹೊಸ ವಿದ್ಯೆ ಕಲಿತು ಬಿಟ್ಟಿತು. ಮಿದುಳು ಕಲಿಯುತ್ತದೆ, ಖರೆ. ಏನು ಕಲಿಯಲಿ ಎಂದು ನಮ್ಮನ್ನು ಕೇಳುವುದಿಲ್ಲ, ಅಷ್ಟೇ.

ಕಾಲಿನ ಕತೆ ಹೇಳಬೇಕಾದರೆ ಕಾಕಾನ ಕೈಯ ಕತೆ ಹೇಳಬೇಕು.

ಕಲ್ಲಪ್ಪ ಕಾಕಾ ಎಂದರೆ ನಮ್ಮ ತಂದೆಯ ತಮ್ಮ. ನಮ್ಮ ಮನೆಗೂ ಅವನ ಮನೆಗೂ ನಡುವೆ ಒಂದು ಗೋಡೆ. ವಯಸ್ಸು ಅರವತ್ತಮೂರು. ಅದರಲ್ಲಿ ಐವತ್ತು ವರ್ಷ ಅವನು ಎತ್ತಿನ ಹಗ್ಗ ಹಿಡಿದವನು. ನಾನು ಚಿಕ್ಕವನಿದ್ದಾಗ ಹತ್ತಿ ಬಿಡಿಸುವ ದಿನಗಳಲ್ಲಿ ಅವನ ಚಕ್ಕಡಿಯಲ್ಲಿ ಹತ್ತಿಯ ಮೇಲೆ ಅಂಗಾತ ಮಲಗಿ ಹೊಲದಿಂದ ಬರುತ್ತಿದ್ದೆ. ಬಿಸಿಲಿಗೆ ಕಾದ ಹತ್ತಿಗೆ ಒಂದು ವಾಸನೆ ಇದೆ, ಈಗಷ್ಟೇ ಬಿಸಿಲಿನಿಂದ ಒಳಗೆ ತಂದ ಕೌದಿಯ ಹಾಗೆ. ಒಮ್ಮೆ ಹಟ ಮಾಡಿದೆನೆಂದು ಕಾಕಾ ಹಗ್ಗವನ್ನು ನನ್ನ ಕೈಗೆ ಕೊಟ್ಟ. ನಾನು ದೊಡ್ಡ ಶೂರನಂತೆ ಜಗ್ಗಿದೆ. ಎತ್ತುಗಳು ತಿರುಗಿ ಕೂಡ ನೋಡಲಿಲ್ಲ. "ಸಿಟ್ಟಿಲೆ ಜಗ್ಗಬ್ಯಾಡಲೇ. ಹಿಂದಕ್ಕ ವಾಲು, ಮೈ ಬಿಡು, 'ಹೋ' ಅನ್ನು. ಕೈಯಿಂದಲ್ಲ, ಬೆನ್ನಿಂದ ನಿಂದರಸಬೇಕು" ಎಂದ. ಅವನು ಹಾಗೆ ವಾಲಿ 'ಹೋ' ಎಂದರೆ ಓಡುವ ಜೋಡಿ ನಿಂತಲ್ಲೇ ನಿಲ್ಲುತ್ತಿತ್ತು. ಮುಂದೆ ಮಗು ಅಡ್ಡ ಬಂದರೂ ಅವನಿಗೆ ಯೋಚಿಸುವ ಕೆಲಸ ಇರಲಿಲ್ಲ. ಬೆನ್ನು ವಾಲುತ್ತಿತ್ತು, ಕೈ ಜಗ್ಗುತ್ತಿತ್ತು, ಬಾಯಿ 'ಹೋ' ಎನ್ನುತ್ತಿತ್ತು.

ಕೊನೆಯ ಜೋಡಿ ಮುದಿಯಾಗಿ ಒಂದರ ಹಿಂದೆ ಒಂದು ಹೋದ ಮೇಲೆ ಕಾಕಾ ಮತ್ತೆ ಎತ್ತು ಕಟ್ಟಲಿಲ್ಲ. ಉಳುವುದು ಬಿತ್ತುವುದು ಟ್ರಾಕ್ಟರಿನಿಂದ ಆಗುತ್ತಿತ್ತು. ಆದರೆ ಹೊಲ ಐದು ಕಿಲೋಮೀಟರು ದೂರ, ಮೊಣಕಾಲು ಒಪ್ಪುತ್ತಿರಲಿಲ್ಲ. ಅದಕ್ಕೆ ಈ ಸ್ಕೂಟರು ಬಂತು. "ಹೊಗಿ ಇಲ್ಲ, ಸಪ್ಪಳ ಇಲ್ಲ, ಗೇರ ಇಲ್ಲ, ಸಗಣಿ ಬಳಿಯೂದಿಲ್ಲ" ಎಂದು ಕಾಕಾ ಓಣಿಗೆಲ್ಲ ಹೇಳಿದ. ಅದನ್ನು ನಿಲ್ಲಿಸಿದ್ದು ಎತ್ತುಗಳ ಜಾಗದಲ್ಲೇ. ಚಾರ್ಜು ಮಾಡುವ ಪ್ಲಗ್ಗು ಎತ್ತಿಗೆ ಮೇವು ಹಾಕುವ ಗ್ವಾದಲಿಯ ಮೇಲೆ. ಸಂಜೆ ವಾಯರು ಚುಚ್ಚಿ ಬಂದು, "ಮೇವು ಹಾಕಿ ಬಂದೆ" ಎನ್ನುತ್ತಿದ್ದ. ಸಪ್ಪಳವಿಲ್ಲದ ಗಾಡಿ, ಯಾರಾದರೂ ಅಡ್ಡ ಬಂದಾರು ಎಂದು ಎತ್ತಿನ ಹಳೇ ಗೆಜ್ಜೆಸರ ತೆಗೆದು ಹ್ಯಾಂಡಲ್ಲಿಗೆ ಕಟ್ಟಿದ. ಸ್ಕೂಟರು ಝಲ್ ಝಲ್ ಎನ್ನುತ್ತ ಓಣಿಯಲ್ಲಿ ಬಂದರೆ ಮುದುಕರು ಕಟ್ಟೆಯ ಮೇಲಿಂದ ಕಾಲು ಮೇಲೆತ್ತಿಕೊಳ್ಳುತ್ತಿದ್ದರು.

ಕಲಿಸಿದವನು ನಾನು. ಶಾಲೆಯ ಬಯಲಿನಲ್ಲಿ ಮೂರು ದಿನ ಸುತ್ತು ಹಾಕಿಸಿದೆ. ಬಯಲಿನಲ್ಲಿ ಅಡ್ಡ ಬರುವವರು ಯಾರೂ ಇರಲಿಲ್ಲವಾದ್ದರಿಂದ ಕಾಕಾ ಬಹಳ ಚೆನ್ನಾಗಿ ಹೊಡೆದ. ನಾಲ್ಕನೇ ದಿನ ಗಂಗವ್ವ ಕಾಕಿಯ ಎದುರು ನಿಂತು, "ಕಾಕಾ ಪಾಸಾದ ನೋಡು" ಎಂದು ಸರ್ಟಿಫಿಕೇಟು ಕೊಟ್ಟವನೂ ನಾನೇ. ಈ ಮಾತನ್ನು ಕಾಕಿ ಆಮೇಲೆ ನನಗೆ ಎಷ್ಟು ಸಲ ತಿರುಗಿ ಕೊಟ್ಟಳೆಂಬುದನ್ನು ಹೇಳುವುದಿಲ್ಲ.

ಮರುದಿನ ಬೆಳಿಗ್ಗೆ ಬಸ್ಸಿನ ದಾರಿಗೆ ಬಿಡುತ್ತೇನೆಂದು ಕಾಕಾ ನನ್ನನ್ನು ಹಿಂದೆ ಕೂರಿಸಿಕೊಂಡ. ಕಾಲುವೆಯ ಪಕ್ಕದ ದಾರಿ. ಮೆಣಸಿನಕಾಯಿಯ ಸುಗ್ಗಿ. ದಾರಿಗೂ ಕಾಲುವೆಗೂ ನಡುವಿನ ಬಯಲಲ್ಲಿ ಫಕೀರವ್ವ ಎಂಬ ಹೆಣ್ಣುಮಗಳು ತನ್ನ ಮೆಣಸಿನಕಾಯಿ ಹರವಿದ್ದಳು. ನೋಡಿದರೆ ಕಣ್ಣು ಕೆಂಪಾಗುವಷ್ಟು ಕೆಂಪು. ಅದರಾಚೆ ಕಾಲುವೆಯ ದಂಡೆಗೆ ತಾಗಿ ಒಣಗಿದ ಕಾಯಿಯ ದೊಡ್ಡ ಒಟ್ಟಿಲು, ಅದರ ಮೇಲೆ ತುಂಬಿದ ಎರಡು ಚೀಲ. ಕಾಲುವೆಗೆ ನೀರು ಬಿಟ್ಟಿದ್ದರು.

ಒಂದು ಎಮ್ಮೆ ಅಡ್ಡ ಬಂತು.

ಕಾಕಾನ ಬೆನ್ನು ಹಿಂದಕ್ಕೆ ವಾಲಿ ನನ್ನ ಮೂಗಿಗೆ ಬಡಿಯಿತು. ಬಾಯಿ 'ಹೋ ಹೋ' ಎಂದಿತು. ಕೈ ಜಗ್ಗಿತು. ಈಗ ಓದುಗರು ಸ್ಕೂಟರಿನ ಹ್ಯಾಂಡಲ್ಲನ್ನು ಒಮ್ಮೆ ನೆನಪಿಗೆ ತಂದುಕೊಳ್ಳಬೇಕು. ಬಲಗೈಯ ಹಿಡಿಕೆಯನ್ನು ತನ್ನ ಕಡೆ ತಿರುವಿದರೆ ಗಾಡಿ ಓಡುತ್ತದೆ. ಎತ್ತಿನ ಹಗ್ಗವನ್ನು ಜಗ್ಗುವ ಹಾಗೆ ಜಗ್ಗಿದರೆ ಅದು ತಾನಾಗಿಯೇ ತಿರುಗುತ್ತದೆ. ಕಾಕಾ ನಿಲ್ಲಿಸಬೇಕೆಂದು ಜಗ್ಗಿದ, ಗಾಡಿ ಓಡಿತು. ಓಡಿತೆಂದು ಇನ್ನೂ ಜೋರಾಗಿ ಜಗ್ಗಿದ. ಇನ್ನೂ ಜೋರಾಗಿ ಓಡಿತು. ಎಮ್ಮೆಯನ್ನು ತಪ್ಪಿಸಿ, ದಾರಿ ಬಿಟ್ಟು, ಗೆಜ್ಜೆ ಬಾರಿಸುತ್ತ, ಕೆಂಪು ಹಾಸಿಗೆಯ ಮೇಲೆ ನಮ್ಮ ಮೆರವಣಿಗೆ ನೇರವಾಗಿ ನೀರಿನ ಕಡೆ ಹೊರಟಿತು. ಮಾರುವಾಗ ಅಂಗಡಿಯವರು ಇದು ಮೆಲ್ಲಗೆ ಹೋಗುವ ಗಾಡಿ ಎಂದಿದ್ದರು. ಈಜು ಬರದ ಇಬ್ಬರನ್ನು ಕೂರಿಸಿಕೊಂಡು ಕಾಲುವೆಯ ಕಡೆ ಹೊರಟ ಗಾಡಿ ಯಾವುದೂ ಮೆಲ್ಲಗೆ ಹೋಗುವುದಿಲ್ಲ.

ನಾನು "ಕಾಕಾ" ಎಂದು ಮೂರು ಸಲ ಕೂಗಿದೆ. ಅಷ್ಟೇ ಹೊತ್ತು. ಕಾಲು ಒತ್ತಿದ್ದು ಎರಡನೆಯ 'ಕಾಕಾ'ಕ್ಕೆ. ಮೂರನೆಯದಕ್ಕೆ ಸ್ಕೂಟರು ಹೋಗಿ ಮೆಣಸಿನಕಾಯಿಯ ಒಟ್ಟಿಲಿನಲ್ಲಿ ಹೂತುಕೊಂಡಿತು. ಮೇಲಿದ್ದ ಎರಡು ಚೀಲಗಳು ಆ ಕಡೆ ಉರುಳಿ ನೀರಿಗೆ ಬಿದ್ದವು. ಒಂದಷ್ಟು ದೂರ ಅಕ್ಕಪಕ್ಕ ತೇಲಿದವು, ಹಿಂದೆ ಮುಂದೆ ಆದವು, ಸೇತುವೆಯ ಕೆಳಗೆ ಕತ್ತಲಲ್ಲಿ ಹೋದವು. ಆ ಎರಡು ಚೀಲಗಳನ್ನು ನಾನು ಇವತ್ತಿಗೂ ನೋಡುತ್ತೇನೆ. ಪಾಠ ಮಾಡುವಾಗ, ಸ್ನಾನ ಮಾಡುವಾಗ. ಮುಂದಿನ ಚೀಲ ಕಾಕಾ, ಹಿಂದಿನದು ನಾನು.

ಫಕೀರವ್ವ ಕೋಲು ಹಿಡಿದು ಓಡಿ ಬಂದಳು. "ಯಾವ ಊರ ಎತ್ತಲೇ ನೀವು? ಕಣ್ಣಾಗ ಏನ ಇಟ್ಟ..." ಎನ್ನುವಷ್ಟರಲ್ಲಿ ಸೀನಿದಳು. ಕಾಕಾ "ತಂಗೀ, ತಪ್ಪಾತು..." ಎಂದು ಸೀನಿದ. ನಾನು ಇಬ್ಬರ ಪರವಾಗಿಯೂ ಸೀನಿದೆ. ಬೈಗುಳವೊಂದು ಅರ್ಧಕ್ಕೆ ಬಂದು ನಿಲ್ಲುವುದು, ಎಲ್ಲರೂ ಸೀನುವುದು, ಅವಳು ಎಲ್ಲಿಗೆ ಬಿಟ್ಟಿದ್ದಳೆಂದು ನೆನಪಿಸಿಕೊಳ್ಳುವುದು: ಹೀಗೆ ಜಗಳ ಸೊರಗಿಹೋಯಿತು. ಕೊನೆಗೆ ಅವಳು, "ಜೀವ ಉಳೀತಲ್ಲ, ಕುಂತು ಆರಿಸಿ ಕೊಡ್ರಿ" ಎಂದಳು. ನಾನು ಕಾಲೇಜಿಗೆ ರಜೆ ಹಾಕಿ, ಕಾಕಾನ ಜೊತೆ ಸಂಜೆಯವರೆಗೆ ಕೂತು ಒಡೆದ ಕಾಯಿ ಒಂದು ಕಡೆ, ಗಟ್ಟಿ ಕಾಯಿ ಒಂದು ಕಡೆ ಮಾಡಿದೆ. ಒಡೆದದ್ದನ್ನು ಕಾಕಾನ ಹೆಗಲ ಪಂಚೆಯಲ್ಲಿ ಕಟ್ಟಿ, "ನೀವ ತಿನ್ರಿ" ಎಂದು ಹೊರಿಸಿದಳು. ನೀರಿಗೆ ಹೋದ ಎರಡು ಚೀಲದ ಬದಲು ತನ್ನ ಹೊಲದ ಕಡಲೆ ಕೊಡುತ್ತೇನೆಂದು ಕಾಕಾ ಮಾತು ಕೊಟ್ಟ.

ಮನೆಯಲ್ಲಿ ಏನೂ ಹೇಳುವುದು ಬೇಡ ಎಂದು ಇಬ್ಬರೂ ಆಣೆ ಮಾಡಿಕೊಂಡಿದ್ದೆವು. ಕಾಕಿ ಬಾಗಿಲಲ್ಲಿ ನಿಂತು, ಕೆಂಪು ಕಣ್ಣು, ಕೆಂಪು ಮೂಗು, ಕೆಂಪು ಗಾಲಿ ಮೂರನ್ನೂ ನೋಡಿದಳು. ಕೈ ಚಾಚಿದಳು. ಕಾಕಾ ಕೀಲಿ ಕೊಟ್ಟ. ಅದು ಅವಳ ಸೆರಗಿನ ಗಂಟಿಗೆ ಹೋಯಿತು.

ಮುಂದಿನ ದಿನಗಳು ಬಹಳ ಕೆಟ್ಟವು. ಹೊಲದಲ್ಲಿ ಕಡಲೆ ಗಿಡ ಕಾಯಿ ಕಟ್ಟುತ್ತಿತ್ತು, ಕಾಕಾ ಕಟ್ಟೆಯ ಮೇಲೆ ಕೂತಿದ್ದ. ಆ ಕಡೆಯಿಂದ ಬಂದವರನ್ನೆಲ್ಲ, "ನಮ್ಮ ಕಡ್ಲಿ ಹೆಂಗ ಐತಿ?" ಎಂದು ಕೇಳುತ್ತಿದ್ದ, ಆಸ್ಪತ್ರೆಯಲ್ಲಿ ಮಲಗಿದವರ ಸುದ್ದಿ ಕೇಳುವ ಹಾಗೆ. ಕಾಕಿ ಒಂದು ದಿನ ನನ್ನೆದುರೇ, "ಯುಗಾದಿಗೆ ಹೊಲಾ ಲಾವಣಿಗೆ ಕೊಟ್ಟ ಬಿಡೂಣು. ಇನ್ನೊಬ್ಬರು ಮಾಡ್ಲಿ. ಹೋಗಿ ಬರಾಕ ಆಗದ ಹೊಲಾ ಯಾಕ ಬೇಕು?" ಎಂದಳು. ಕಾಕಾ ತನ್ನ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡ, ಯಾರೋ ಬೇರೆಯವರ ಕೈ ನೋಡಿದ ಹಾಗೆ.

ನಾನು ತಡೆಯಲಾರದೆ, "ಕಾಕಿ, ಕಾಕಾ ಕಲೀತಾನ. ವಯಸ್ಸಾದ ಮ್ಯಾಲೂ ಮಿದುಳು ಬದಲಾಗತೈತಿ" ಎಂದೆ.

"ಹೌದ? ಹಂಗಾರ ನೀ ಹಿಂದ ಕುಂಡ್ರತಿ?"

ನನ್ನ ಕಾಲು ನೆಲ ಒತ್ತಿತು.

"ನೋಡು ತಮ್ಮಾ," ಎಂದಳು ಕಾಕಿ, "ನನಗ ನಿನ್ನ ಮಾತಿನ ಮ್ಯಾಲ ನಂಬಿಗಿ ಇಲ್ಲ. ಪಾಸಾದ ಅಂದಾವ ನೀನ. ನಿನ್ನ ಕುಂಡಿ ಮ್ಯಾಲ ನಂಬಿಗಿ ಐತಿ. ಅದು ತಾನಾಗಿ ಹೋಗಿ ಆ ಹಿಂದಿನ ಸೀಟಿನ ಮ್ಯಾಲ ಕುಂತ ದಿನಾ ಕೀಲಿ ಬಿಚ್ಚಿ ಕೊಡ್ತೀನಿ. ಇಲ್ಲಾಂದ್ರ ಯುಗಾದಿಗೆ ಲಾವಣಿ."

ಹೀಗೆ ಕಾಕಾನ ಹೊಲ ನನ್ನ ಧೈರ್ಯದ ಮೇಲೆ ಬಂದು ನಿಂತಿತು. ಅದಕ್ಕಿಂತ ಮೆತ್ತಗಿನ ನೆಲ ನಮ್ಮ ಸೀಮೆಯಲ್ಲಿ ಎಲ್ಲೂ ಇಲ್ಲ.

ತಾಲೀಮು ಎತ್ತಿನ ಕೊಟ್ಟಿಗೆಯಲ್ಲೇ ಶುರುವಾಯಿತು. ಮೊದಲ ದಿನ ನಾನು ಗೋಡೆಯ ಮೇಲೆ ಚಾಕಿನಿಂದ ಮಿದುಳು ಬರೆದೆ. ಕಾಕಾ, "ಇದೇನಲೇ ಮಾಸ್ತರ, ಹೂಕೋಸ?" ಎಂದ. ಅಲ್ಲಿಗೆ ನನ್ನ ಪಾಠ ಮುಗಿಯಿತು. ಆಮೇಲೆ ಸ್ಕೂಟರನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೀಲಿ ಇಲ್ಲದೆಯೇ ಕಾಕಾನನ್ನು ಕೂರಿಸಿದೆವು. ಕಾಕಿ ಗ್ವಾದಲಿಯ ಕಟ್ಟೆಯ ಮೇಲೆ ಗಂಗಾಳ, ಸೌಟು ಹಿಡಿದು ಕೂತಳು. ಢಣ್ ಎಂದು ಬಾರಿಸಿ, "ಎಮ್ಮಿ ಬಂತು!" ಎನ್ನಬೇಕು, ಕಾಕಾ ಬ್ರೇಕು ಹಿಡಿಯಬೇಕು. ಢಣ್! ಕಾಕಾ ಜಗ್ಗಿದ. "ಬಸ್ಸು ಬಂತು!" ಜಗ್ಗಿದ. "ನಿಮ್ಮ ಮಾವ ಬಂದ!" ಅದಕ್ಕೂ ಜಗ್ಗಿದ. ಮೂರು ದಿನ ಜಗ್ಗಿದ. ಹೆದರಿಸದೆ ಕೇಳಿದರೆ ಬ್ರೇಕು ಸರಿಯಾಗಿ ಹಿಡಿಯುತ್ತಿದ್ದ. ಹೆದರಿದೊಡನೆ ಕೈ ಐವತ್ತು ವರ್ಷ ಹಿಂದಕ್ಕೆ ಓಡಿ ಹಗ್ಗ ಹಿಡಿಯುತ್ತಿತ್ತು.

ಮೂರನೆಯ ದಿನ ಅವನು ಕೆಳಗಿಳಿದು ಕೂತು ಹೇಳಿದ: "ಮಳಿ ಆದಾಗ ಎರಿ ನೆಲದಾಗ ಚಕ್ಕಡಿ ಜಾಡು ಬೀಳತೈತಲ್ಲ, ಬಿಸಲಿಗೆ ಅದು ಕಲ್ಲಾಗತೈತಿ. ಆಮ್ಯಾಲ ನೀ ಎಲ್ಲೆರ ಹೊಡಿ, ಗಾಲಿ ಬಂದು ಅದರಾಗ ಬೀಳತೈತಿ. ನನ್ನ ತಲ್ಯಾಗೂ ಹಂಗ ಆಗೇತಿ."

"ಆ ಜಾಡು ಅಳಸೂದು ಹೆಂಗ ಕಾಕಾ?"

"ಅಳಸಾಕ ಬರೂದಿಲ್ಲ. ಬಾಜೂಕ ಇನ್ನೊಂದು ಹಾದಿ ಬೀಳೂತನಾ ಅಡ್ಡಾಡಬೇಕು. ನನಗ ಅಷ್ಟ ವರ್ಷ ಎಲ್ಲಿ ಅದಾವು?"

ಹೂಕೋಸು ಬರೆದು ನಾನು ಇಷ್ಟು ವರ್ಷ ಹೇಳಲಾರದೆ ಹೋದದ್ದು ಇದು. ಈಗ ಕ್ಲಾಸಿನಲ್ಲಿ ಚಕ್ಕಡಿಯ ಜಾಡನ್ನೇ ಬರೆಯುತ್ತೇನೆ.

ದಾರಿ ಕಂಡದ್ದು ಕಾಕಿಗೆ. ಮರುದಿನ ಬೆಳಿಗ್ಗೆ ಕಾಕಾ ಎಮ್ಮೆ ಹಿಂಡುತ್ತಿದ್ದ. ಎಲ್ಲಿಂದಲೋ ನಾಯಿ ಬಂದು ಬೊಗಳಿತು, ಎಮ್ಮೆ ಕಾಲು ಝಾಡಿಸಿತು, ಕಾಕಾ ಬೆಚ್ಚಿದ. ಆದರೂ ಕೈ ಹಿಂಡುತ್ತಲೇ ಇತ್ತು. ಚರ್ ಚರ್ ಎಂದು ಹಾಲಿನ ಧಾರೆ ತಪ್ಪಲಿಲ್ಲ. ಕಾಕಿ ನನ್ನನ್ನು ಗೋಡೆಯ ಆಚೆಯಿಂದ ಕೂಗಿ ಕರೆದಳು. "ನಿಮ್ಮ ಕಾಕಾನ ಕೈಗೆ ಜಗ್ಗೂದೊಂದ ಬರತೈತಿ ಅಂತ ಯಾರು ಹೇಳಿದ್ರು? ಹಿಂಡೂದೂ ಬರತೈತಲ್ಲ! ಏಳ್ರಿ, ಹಂಗ ಬರ್ರಿ, ಕೈ ಒರಸಬ್ಯಾಡ್ರಿ. ಈ ಬ್ರೇಕಿನ ಕಡ್ಡಿ ಐತಲ್ಲ, ಇದೂ ಎಮ್ಮಿದ ಅನ್ಕೋರಿ. ಜಗ್ಗಬ್ಯಾಡ್ರಿ, ಹಿಂಡ್ರಿ!"

ಹೊಸ ಹಾದಿ ಕಡಿಯುವುದರ ಬದಲು ಇದ್ದ ಇನ್ನೊಂದು ಹಾದಿಯನ್ನೇ ಸ್ಕೂಟರಿನವರೆಗೆ ತಂದು ಮುಟ್ಟಿಸಿದಳು ನಮ್ಮ ಕಾಕಿ. ಅವಳು ನಾಲ್ಕನೆಯ ಇಯತ್ತೆ ಓದಿದವಳು. ನಾನು ಎಂ.ಎಸ್ಸಿ.

ಅಂದಿನಿಂದ ಎರಡೂ ಹೊತ್ತು ಎಮ್ಮೆಯಿಂದ ನೇರ ಸ್ಕೂಟರಿಗೆ. ಹಿಂಡುವ ಮುಂಚೆ ಕೆಚ್ಚಲಿಗೆ ಸವರುವ ಅಭ್ಯಾಸಬಲದಿಂದ ಕಾಕಾ ಬ್ರೇಕಿಗೂ ಬೆರಳಿನಿಂದ ಬೆಣ್ಣೆ ಸವರುತ್ತಿದ್ದ, ಕಾಕಿ ಸೆರಗಿನಿಂದ ಒರೆಸುತ್ತಿದ್ದಳು. ಢಣ್! ಹತ್ತಕ್ಕೆ ಎರಡು ಸಲ ಹಿಂಡಿದ. ಒಂದು ವಾರದ ಮೇಲೆ ಐದು ಸಲ. ಒಮ್ಮೊಮ್ಮೆ ಎಲ್ಲ ಮರೆತು ಇಡೀ ದಿನ ಜಗ್ಗುತ್ತಿದ್ದ. ಇಪ್ಪತ್ತು ದಿನ ಕಳೆದವು. ಒಂದು ಸಂಜೆ ಕಾಕಿ ಸದ್ದಿಲ್ಲದೆ ಹಿಂದಿನಿಂದ ಬಂದು ಗಂಗಾಳವನ್ನೇ ಅವನ ಕಾಲ ಬಳಿ ಎತ್ತಿ ಹಾಕಿದಳು. ನಾನು ಹಾರಿಬಿದ್ದೆ. ಕಾಕಾನ ಎರಡೂ ಕೈ ಬ್ರೇಕು ಹಿಂಡಿದ್ದವು. ಕಾಕಿ ನನ್ನ ಕಡೆ ತಿರುಗಿದಳು.

"ಇನ್ನ ನಿಂದ ಸರತಿ."

ನಾನು ಪರೀಕ್ಷೆಯ ಪೇಪರು ತಿದ್ದಬೇಕೆಂದೆ. ನೆಗಡಿ ಎಂದೆ. ನಾಳೆ ಅಮಾವಾಸ್ಯೆ ಎಂದೆ. "ಹೂಕೋಸ ಬರದು ತೋರಸಾವ ಅಮಾಸಿ ನೋಡತಾನಂತ" ಎಂದಳು ಕಾಕಿ. ಕಾಕಾ ಮಾತ್ರ ಮೆಲ್ಲಗೆ, "ಒಲ್ಲೆ ಅಂದ್ರ ಬ್ಯಾಡ ಬಿಡಲೇ. ನೀ ಹೆಂಡ್ರು ಮಕ್ಕಳು ಇರೂ ಮನಷ್ಯಾ" ಎಂದ. ಬೈದಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಹೀಗಂದರೆ ಏನು ಮಾಡುವುದು?

ರವಿವಾರ ಬೆಳಿಗ್ಗೆ ಹೋಗಿ ಕುಳಿತೆ. ಕಾಕಿ ಸೆರಗಿನ ಗಂಟು ಬಿಚ್ಚಿದಳು. ಬಿಚ್ಚಲು ಬಹಳ ಹೊತ್ತು ಹಿಡಿಯಿತು. "ಹೋಗೂಣು?" ಎಂದ ಕಾಕಾ. ಗೆಜ್ಜೆ ಝಲ್ ಎಂದಿತು. ನಾನು ಅವನ ಸೊಂಟವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ, "ಉಸರಾಡಾಕ ಬಿಡಲೇ" ಎಂದು ಎರಡು ಸಲ ಹೇಳಬೇಕಾಯಿತು. ಕಾಲುವೆ ಬಂತು. ನೀರು ಅಷ್ಟೇ ಇತ್ತು. ದೂರದಿಂದಲೇ ಗೆಜ್ಜೆ ಕೇಳಿದ ಫಕೀರವ್ವ ಎದ್ದು, "ಬಂದ್ರು ನೋಡವ್ವ ಮತ್ತ!" ಎಂದು ತನ್ನ ಒಟ್ಟಿಲಿನ ಮುಂದೆ ಎರಡೂ ಕೈ ಅಗಲಿಸಿ ನಿಂತಳು.

ಅಷ್ಟರಲ್ಲಿ ಎಡಗಡೆಯ ಹೊಲದ ದಾರಿಯಿಂದ ಒಂದು ಚಕ್ಕಡಿ, ನಮ್ಮ ಸೀಮೆಯಲ್ಲಿ ಉಳಿದಿರುವ ನಾಲ್ಕಾರರಲ್ಲಿ ಒಂದು, ಸರಕ್ಕನೆ ಅಡ್ಡ ಬಂತು.

ಕಾಕಾನ ಬೆನ್ನು ವಾಲಿತು. ನನ್ನ ಮೂಗಿಗೆ ಬಡಿಯಿತು. ಬಾಯಿ "ಹೋ ಹೋ!" ಎಂದಿತು. ನಾನು ಕಣ್ಣು ಮುಚ್ಚಿದೆ. ಮುಚ್ಚಿದ ಕಣ್ಣೊಳಗೆ ಎರಡು ಚೀಲಗಳು ತೇಲಿ ಹೋದವು.

ಕಣ್ಣು ತೆರೆದಾಗ ಸ್ಕೂಟರು ನಿಂತಿತ್ತು. ಚಕ್ಕಡಿಯೂ ನಿಂತಿತ್ತು. ನಡುವೆ ಒಂದು ಮೊಳ ಜಾಗ. ಚಕ್ಕಡಿಯ ಮೇಲಿದ್ದವನು ಬಾರುಕೋಲು ಎತ್ತಿ, "ಏ ಯಜಮಾನ್ರ, ನಾ ಹಗ್ಗ ಜಗ್ಗೇ ಇಲ್ಲ, ನಮ್ಮ ಎತ್ತ ಯಾಕ ನಿಂದರಸಿದ್ರಿ?" ಎಂದ. ಅವನು ಎಷ್ಟು ಹೊಡೆದರೂ ಎತ್ತುಗಳು ಕದಲಲಿಲ್ಲ. ಕಾಕಾನ ಕಡೆ ನೋಡುತ್ತ ಕಿವಿ ನಿಮಿರಿಸಿ ನಿಂತಿದ್ದವು.

"ಬಾಯಿ ಇನ್ನೂ ಕಲೀಬೇಕು ನೋಡ ಮಾಸ್ತರ" ಎಂದ ಕಾಕಾ. ನಗುತ್ತಿದ್ದ. ಎಡಗೈ ಚಾಚಿ ಹತ್ತಿರದ ಎತ್ತಿನ ಹಣೆ ಸವರಿದ, ಕೊಂಬಿನ ಬುಡ ಕೆರೆದ. ಅದು ಮುಖ ಮುಂದೆ ತಂದು ಗೆಜ್ಜೆಸರವನ್ನು ಮೂಸಿತು. ಆಮೇಲೆ ಕಾಕಾ ನಾಲಿಗೆ ಲೊಚಗುಟ್ಟಿ, "ನಡೀರಿ" ಎಂದ. ಚಕ್ಕಡಿ ಹೊರಟಿತು. ಫಕೀರವ್ವ ಕೈ ಇಳಿಸಿದಳು. ಅದು ತಿರುವಿನಲ್ಲಿ ಮರೆಯಾಗುವವರೆಗೂ ಕಾಕಾ ನೋಡುತ್ತಲೇ ಇದ್ದ.

ಅವನ ಬಲಗೈ ಮಾತ್ರ ಇನ್ನೂ ಬ್ರೇಕು ಬಿಟ್ಟಿರಲಿಲ್ಲ. ನನ್ನ ಬಲಗಾಲೂ.